ಅತ್ಯಾ ಹತ್ತಿದ ಬಸ್ಸು

ನಮ್ಮ ಅತ್ಯಾ, ಅಂದರೆ ಅಪ್ಪನ ತಂಗಿ, ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಪುಣೆಯ ಸ್ವಾರಗೇಟ್ ಹತ್ತಿರ ಅವಳ ಗೆಳತಿಯ ಬಸುರಿ ಮಗಳ ಕುಬಸ, ಅಂದರೆ ಸೀಮಂತವಿತ್ತು. ಹೋದ ಸಲ ಇಂಥದೇ ಸಮಾರಂಭಕ್ಕೆ ಹೊರಟಾಗ ನೆರೆಹೊರೆಯವರೆಲ್ಲ ಸೇರಿ ಅವಳನ್ನು ಜೋಳದ ಚೀಲದಂತೆ ಎತ್ತಿ ರಿಕ್ಷಾದೊಳಗೆ ತುಂಬಿದ್ದರು.

"ಈ ಸಲ ನನ್ನ ಯಾರೂ ಎತ್ತಬಾರದು. ಎತ್ತಿದ್ರ ಅಲ್ಲಿಂದನ ಹೊಳ್ಳಿ ಬರ್ತೀನಿ," ಎಂದು ಅತ್ಯಾ ಘೋಷಿಸಿದಳು.

"ಚಿಂತಿ ಬಿಡು ಅತ್ಯಾ. ಬಸ್ಸಿನ ಬಾಗಿಲದಾಗ ರ‍್ಯಾಂಪ್ ಇರ್ತದ. ನಾ ಎಲ್ಲಾ ಓದೀನಿ," ಎಂದೆ.

ಓದಿದ್ದೆ ಕೂಡ. ವಿಡಿಯೊ ನೋಡಿದ್ದೆ. ಇಸ್ತ್ರಿ ಹಲಗೆ ಇಟ್ಟು ಮನೆಯಲ್ಲಿ ತಾಲೀಮನ್ನೂ ನಡೆಸಿದ್ದೆ. ಹಲಗೆ ಮುರಿದದ್ದು ಬೇರೆ ಮಾತು.

ನಮ್ಮ ಬಡಾವಣೆ ವಿಮಾನ ನಗರದ ಸ್ಟಾಪಿಗೆ ಬಸ್ಸು ಬಂತು. ನಾನು ಮೊದಲು ಹತ್ತಿ, ಬಾಯಿಪಾಠ ಮಾಡಿಕೊಂಡಿದ್ದ ಶುದ್ಧ ಮರಾಠಿಯಲ್ಲಿ ದಿವ್ಯಾಂಗ ಪ್ರಯಾಣಿಕರ ಹಕ್ಕುಗಳ ಕುರಿತು ಕಂಡಕ್ಟರನಿಗೆ ಭಾಷಣ ಆರಂಭಿಸಿದೆ.

"ಈ ಅಕ್ಕಾರು ಏನ್ ಹೇಳಾಕತ್ತಾರೋ, ಒಂದೂ ತಿಳೀವಲ್ದು!" ಎಂದು ಆತ ತನ್ನಷ್ಟಕ್ಕೇ ಗೊಣಗಿದ. ಕನ್ನಡದಲ್ಲಿ!

ಭಾಷಣ ಅಲ್ಲಿಗೇ ಬಿಟ್ಟು, ನೆಲದಲ್ಲಿ ಮಡಚಿಟ್ಟಿದ್ದ ರ‍್ಯಾಂಪಿನ ಹಿಡಿಕೆ ಹಿಡಿದು ಎಳೆದೆ. ಏಳಲಿಲ್ಲ. ಶಕ್ತಿಮೀರಿ ಎಳೆದೆ. ಮುಂದಿನ ಸೀಟಿನ ಅಜ್ಜ ಕೈಜೋಡಿಸಿದರು. ಊಹೂಂ!

"ಏ ಹುಡುಗಿ!" ಕೆಳಗಿನಿಂದ ಅತ್ಯಾ ಕೂಗಿದಳು. "ಮೊದಲ ಅದರ ಮ್ಯಾಲಿಂದ ಸರಿ!"

ಸರಿದೆ. ರ‍್ಯಾಂಪು ಸಲೀಸಾಗಿ ತೆರೆದುಕೊಂಡು ಫುಟ್‌ಪಾತಿಗೆ ತಾಗಿತು. ಎತ್ತಲು ಓಡಿಬಂದವರನ್ನೆಲ್ಲ "ಹಾತ್ ಲಾವೂ ನಕಾ! ಕೈ ಹಚ್ಚಬ್ಯಾಡ್ರಿ!" ಎಂದು ಎರಡೂ ಭಾಷೆಯಲ್ಲಿ ಗದರಿ, ಅತ್ಯಾ ತಾನೇ ಗಾಲಿ ತಿರುಗಿಸುತ್ತ ಮಹಾರಾಣಿಯಂತೆ ಏರಿದಳು.

ನಾನು ಕೆಳಗಿಳಿದು ರ‍್ಯಾಂಪನ್ನು ಹೊರಗಿನಿಂದ ಮಡಚತೊಡಗಿದೆ. ವಿಡಿಯೊದಲ್ಲಿ ಹಾಗೇ ಇತ್ತು. ಅಷ್ಟರಲ್ಲಿ ಒಳಗೆ ಕಂಡಕ್ಟರ್ ಅತ್ಯಾಳನ್ನು ಕೇಳುತ್ತಿದ್ದ, "ಯಾವೂರ್ರೀ ನಿಮ್ದು?"

"ಧಾರವಾಡ. ನಿಮ್ದು?"

"ಸವದತ್ತಿರೀ!"

"ಅಯ್ಯ, ನಮ್ಮವ್ವನ ತವರಮನಿ ಸವದತ್ತಿನ ಅಲ್ರೀ!"

ಪುಣೆಯಲ್ಲಿ ನಮ್ಮ ಕಡೆಯ ಇಬ್ಬರು ಭೇಟಿಯಾದರೆ, ಇಬ್ಬರಿಗೂ ಬೇಕಾದ ನೆಂಟನೊಬ್ಬ ಸಿಗುವವರೆಗೆ ಜಗತ್ತು ನಿಂತು ಕಾಯಬೇಕು. ಬಸ್ಸು ಕಾಯಲಿಲ್ಲ! ನಾನು ರ‍್ಯಾಂಪು ಮಡಚಿ ಮುಗಿಸಿದ್ದೇ ತಡ, ಆ ಸಂಭ್ರಮದಲ್ಲಿ ಕಂಡಕ್ಟರ್ ನನ್ನನ್ನು ಮರೆತು ಗಂಟೆ ಬಾರಿಸಿದ. ಬಾಗಿಲು ಮುಚ್ಚಿತು. ನಾನು ಕೈಯ ಧೂಳು ಕೊಡವಿ, ಮೆಚ್ಚುಗೆಯ ನಿರೀಕ್ಷೆಯಲ್ಲಿ ತಲೆ ಎತ್ತಿದಾಗ ಎದುರಿಗೆ ಖಾಲಿ ರಸ್ತೆ!

ಅತ್ಯಾಳ ಮೊಬೈಲು ನನ್ನ ಚೀಲದಲ್ಲಿ. ರಿಕ್ಷಾ ಹಿಡಿದು ಬೆನ್ನಟ್ಟಿದೆ. ಅಲ್ಲಿ ಅವಳನ್ನು ಯಾರು ಇಳಿಸುತ್ತಾರೆ? ಎತ್ತಿಯೇಬಿಟ್ಟರೆ? ಪ್ರತಿ ಸಿಗ್ನಲ್ಲಿನಲ್ಲೂ ಒಮ್ಮೆ ಕಣ್ಣು ಒರೆಸಿಕೊಂಡೆ.

ಸಭಾಂಗಣ ಸೇರಿದಾಗ ಅತ್ಯಾ ಬಸುರಿಗೆ ಉಡಿ ತುಂಬಿ ಮುಗಿಸಿ, ತುಪ್ಪ ಸುರಿದ ಹೋಳಿಗೆ ತಿನ್ನುತ್ತಿದ್ದಳು. ಕಂಡಕ್ಟರ್ ರ‍್ಯಾಂಪ್ ಹಾಕಿಕೊಟ್ಟನಂತೆ. ಯಾರೂ ಎತ್ತಲಿಲ್ಲವಂತೆ.

"ನೀ ಎಲ್ಲಿ ಹೋಗಿದ್ದಿ? ಬಸ್ಸಿನಾಗೆಲ್ಲಾ ಹುಡುಕಿದ್ವಿ!" ಎಂದಳು.

ಸಂಜೆ ಹೊರಡುವಾಗ ಮೆಲ್ಲನೆ ಕೇಳಿದೆ, "ಬಸ್ಸಿಗೇ ಹೋಗೋಣ?"

"ನಾ ಬಸ್ಸಿಗೆ ಬರ್ತೀನಿ. ನೀ ರಿಕ್ಷಾ ಮಾಡ್ಕೊಂಡು ಬಾ. ಬಸ್ಸಿನಾಗ ನಿನ್ನ ಸಂಬಾಳಸೋದು ನನ್ನ ಕೈಲೆ ಆಗಂಗಿಲ್ಲ," ಎಂದು ಅತ್ಯಾ ಸ್ಟಾಪಿನತ್ತ ಗಾಲಿ ತಿರುಗಿಸಿದಳು.

ಅವಳಿಗೆ ಸಹಾಯವಾಗಲೆಂದು ನಾನು ರಿಕ್ಷಾ ಹತ್ತಿದೆ.