ಫಿಲ್ಟರಿನಲ್ಲಿ ಸಿಕ್ಕ ಭಂಡಾರ

ದೇವರ ಹತ್ತಿರ ನಾನು ದೊಡ್ಡದೇನನ್ನೂ ಕೇಳುವವಳಲ್ಲ. ಹೋಳಿಗೆ ಬೇಯಿಸುವಾಗ ಗ್ಯಾಸ್ ಮುಗಿಯದಿದ್ದರೆ ಒಮ್ಮೆ ಕೈ ಮುಗಿಯುತ್ತೇನೆ, ತಲೆಗೆ ಸೀಗೆಕಾಯಿ ಹಚ್ಚಿಕೊಂಡಾಗ ನಳ ನಿಲ್ಲದಿದ್ದರೆ ಇನ್ನೊಮ್ಮೆ. ರಾಯಚೂರಿನ ಬೇಸಿಗೆಯ ಮಧ್ಯಾಹ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೆ ನನ್ನ ಪಾಲಿಗೆ ಅದೇ ದರ್ಶನ. ಇಂಥ ನನ್ನ ಮನೆಗೆ, ಯಾವ ಹರಕೆಯೂ ಇಲ್ಲದೆ, ಒಂದು ವ್ಯಾಕ್ಯೂಮ್ ಕ್ಲೀನರ್ ಬಂದು ಕೂತಿತು.

ತಂದವರು ನಮ್ಮ ಯಜಮಾನರು. ಅವರದು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಕಲ್ಲಿದ್ದಲು ಸುಟ್ಟ ಬೂದಿಯನ್ನು ಚಿಮಣಿ ಸೇರುವ ಮೊದಲೇ ಹಿಡಿಯುವುದು ಹೇಗೆ ಎಂಬುದರಲ್ಲಿ ಅವರ ಹಗಲು ಕಳೆಯುತ್ತದೆ. ಸಂಜೆ ಮನೆಗೆ ಬಂದರೆ ನಮ್ಮ ಮಂಚದ ಕೆಳಗಿನ ಧೂಳು ಕಣ್ಣಿಗೆ ಬೀಳದಿರುತ್ತದೆಯೆ? ಯಂತ್ರವನ್ನು ಬಿಚ್ಚಿ ನನಗೊಂದು ಪಾಠವನ್ನೇ ಮಾಡಿದರು. ಒಳಗೊಂದು ಫ್ಯಾನು ಜೋರಾಗಿ ತಿರುಗಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದಂತೆ. ಆಗ ಒಳಗೆ ಜಾಗ ಖಾಲಿಯಾಗುತ್ತದೆ, ಅದನ್ನು ತುಂಬಲು ಹೊರಗಿನ ಗಾಳಿ ಕೊಳವೆಯಿಂದ ನುಗ್ಗುತ್ತದೆ, ಬರುವಾಗ ದಾರಿಯಲ್ಲಿ ಸಿಕ್ಕ ಧೂಳನ್ನೂ ಎಳೆದುಕೊಂಡು ಬರುತ್ತದೆ. ಕೂದಲು, ಹರಳು, ಕಸಕಡ್ಡಿ ಗಾಜಿನಂಥ ಡಬ್ಬಿಯಲ್ಲಿ ಸುತ್ತಿ ಸುತ್ತಿ ತಳಕ್ಕೆ ಬೀಳುತ್ತವೆ. ಹಿಟ್ಟಿನಂಥ ಸಣ್ಣ ಧೂಳು ಮಾತ್ರ ಮೇಲೆ ಹೋಗಿ ಫಿಲ್ಟರಿನ ಮಡಿಕೆಗಳಲ್ಲಿ ಕೂತುಬಿಡುತ್ತದೆ. ಹೊರಗೆ ಹೋಗುವುದು ಬರಿ ಗಾಳಿ. ನಾನು ಜೋಳದ ಹಿಟ್ಟಿನ ಜರಡಿಯನ್ನು ನೆನೆಸಿಕೊಂಡೆ. ನನ್ನ ಜರಡಿಯಲ್ಲಿ ನುಣ್ಣಗಿನದು ಕೆಳಗಿಳಿಯುತ್ತದೆ, ಇದರಲ್ಲಿ ಮೇಲೆ ಹತ್ತಿ ಕೂರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಅತ್ತೆಗೆ ಬಂದ ಸಂಶಯ ಬೇರೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ನಮ್ಮಲ್ಲಿ ಗುಡಿಸುವುದಿಲ್ಲ. ಇದಕ್ಕೂ ಆ ನೇಮ ಉಂಟೋ ಇಲ್ಲವೋ? ಇದು ಹೊರಗೆ ಹಾಕುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತದೆ ಎಂದು ಯಜಮಾನರು ಡಬ್ಬಿ ತೋರಿಸಿದರು. ಹಾಗಾದರೆ ಲಕ್ಷ್ಮಿ ಎಲ್ಲಿಗೂ ಹೋಗುವಂತಿಲ್ಲ ಎಂದು ಅತ್ತೆ ಅಪ್ಪಣೆ ಕೊಟ್ಟರು. ಆದರೆ ಡಬ್ಬಿ ಖಾಲಿ ಮಾಡುವುದಕ್ಕೆ ನಿಯಮ ಬಂತು. ಮಂಗಳವಾರ, ಶುಕ್ರವಾರ ಕೂಡದು, ಅಮಾವಾಸ್ಯೆ ಕೂಡದು, ಮನೆಯವರು ಊರಿಗೆ ಹೋದ ದಿನವಂತೂ ಕೂಡಲೇ ಕೂಡದು. ಹೀಗಾಗಿ ನಮ್ಮ ಯಂತ್ರದ ಹೊಟ್ಟೆ ಯಾವಾಗಲೂ ಉಂಡೆದ್ದವರ ಹಾಗೆ ತುಂಬಿಕೊಂಡೇ ಇರುತ್ತಿತ್ತು.

ಇನ್ನು ನಾನು ಮಾಡಿದ ಅನಾಹುತಕ್ಕೆ ಬರುತ್ತೇನೆ. ನಮ್ಮ ನಾದಿನಿ ರೇಣುಕಾ ದೇವದುರ್ಗದಲ್ಲಿ ದಿನ ತುಂಬಿದ ಬಸುರಿ. ಚೊಚ್ಚಲ ಹೆರಿಗೆಯಲ್ಲಿ ಬಹಳ ಕಷ್ಟಪಟ್ಟವಳು, ಈ ಸಲ ಹೆದರಿ ರಾತ್ರಿ ನಿದ್ದೆಯಿಲ್ಲ. ನೀರಮಾನ್ವಿ ಯಲ್ಲಮ್ಮನ ಭಂಡಾರ ಹಣೆಗೆ ಹಚ್ಚಿಕೊಂಡೇ ಆಸ್ಪತ್ರೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಅತ್ತೆ ಮಂಡಿನೋವು ಕಟ್ಟಿಕೊಂಡು ಹುಣ್ಣಿಮೆಗೆ ಹೋಗಿ, ಆ ಅರಿಷಿಣದ ಪುಡಿಯನ್ನು ಕಾಗದದಲ್ಲಿ ಕಟ್ಟಿ ತಂದು ನಮ್ಮ ದೇವರ ಜಗಲಿಯ ಮೇಲಿಟ್ಟರು. ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೊರಡುವುದು.

ಯಲ್ಲಮ್ಮನೇ ಮನೆಗೆ ಬಂದಿದ್ದಾಳೆ, ಜಗಲಿಯ ಮೂಲೆಯ ಜೇಡರ ಬಲೆಯನ್ನಾದರೂ ತೆಗೆಯೋಣವೆಂಬ ಭಕ್ತಿ ನನಗೆ ಬರಬೇಕೆ? ಯಂತ್ರ ಹಚ್ಚಿದೆ. ಮೊದಲು ಪೊಟ್ಟಣ ಹಾರಿ ಬಂದು ಕೊಳವೆಯ ಬಾಯಿಗೆ ಅಂಟಿಕೊಂಡಿತು. ಕಿತ್ತುಕೊಳ್ಳಲು ಎಳೆದೆ. ಕಾಗದ ಮಾತ್ರ ಕೈಗೆ ಬಂತು. ಡಬ್ಬಿಯೊಳಗೆ ಹಳದಿ ಸುಳಿಯೊಂದು ಎದ್ದು ಗಿರಗಿರ ತಿರುಗಿತು. ದಿನಕ್ಕೆ ನಾಲ್ಕು ಸಲ ಹೋಗುವ ನಮ್ಮ ಓಣಿಯ ಕರೆಂಟು ಆ ಹೊತ್ತಿಗೆ ಮಾತ್ರ ಹೋಗಲಿಲ್ಲ.

ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಅಡುಗೆಮನೆಯಲ್ಲಿ ಅರಿಷಿಣದ ಡಬ್ಬಿಯಿತ್ತು. ಸುಳ್ಳು ಹೇಳಲಾರೆ, ಅದರ ಮುಚ್ಚಳ ತೆಗೆದೂ ನೋಡಿದೆ. ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ಜೀವ ಕೈಯಲ್ಲಿ ಹಿಡಿದು ಕೂತಿರುವ ಹುಡುಗಿಯ ಹಣೆಗೆ ಬೇಳೆಗೆ ಹಾಕುವ ಅರಿಷಿಣ ಹಚ್ಚಿಸುವುದೆ? ಮುಚ್ಚಳ ಮುಚ್ಚಿ, ಅತ್ತೆಯ ಹಾಸಿಗೆಯ ಪಕ್ಕ ಹೋಗಿ ಕೂತು ಅತ್ತುಬಿಟ್ಟೆ.

ಅತ್ತೆ ಎದ್ದು ಕೂತು ಎಲ್ಲ ಕೇಳಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿಯೇ ಇದ್ದೆ.

"ಯಾಕ ಅಳತಿ ಬೇ ಶಾಂತಾ," ಎಂದರು. "ಹುಣ್ಣಿವಿ ದಿನ ಮಂದಿ ಭಂಡಾರ ಮ್ಯಾಲಕ್ಕ ಹಾರಸ್ತಾರ. ಅದು ಬಂದು ಕಲ್ಲಿನ ಮ್ಯಾಲೆ ಬೀಳ್ತದ. ಅಲ್ಲಿಂದನ ಬಳಕೊಂಡು ಬಂದೀನಿ ನಾ. ಅದರಾಗ ಎಷ್ಟು ಮಂದಿ ಕಾಲಿನ ಧೂಳ ಇತ್ತೋ ಯಾರಿಗೆ ಗೊತ್ತು. ನಿನ್ನ ಮನೀದೊಂದೀಟು ಕೂಡಿದ್ರ ಯಲ್ಲವ್ವ ಒಲ್ಲೆ ಅಂತಾಳೇನು?"

ಹೊಸ ಕುಬಸದ ಖಣದ ಬಟ್ಟೆ ಹಾಸಿ ಫಿಲ್ಟರನ್ನು ಅದರ ಮೇಲೆ ಕೊಡವಲು ಹೇಳಿದರು. ಮಡಿಕೆ ಮಡಿಕೆಯಿಂದ ಹಳದಿ ಪುಡಿ ಉದುರಿತು. ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿತ್ತೆಂದು ನನಗೆ ಕಂಡಿತು. ಅತ್ತೆಗೆ ಹಾಗೇನೂ ಕಾಣಲಿಲ್ಲ. ಬೆರಳಲ್ಲಿ ತಿಕ್ಕಿ ನೋಡಿ, ಗುಡಿಯಿಂದ ತಂದಾಗ ಹರಳು ಹರಳಾಗಿತ್ತು, ಈಗ ಸೋಸಿದ ಹಾಗಾಗಿದೆ ಎಂದು ಯಂತ್ರವನ್ನೇ ಹೊಗಳಿದರು. ಸಂಜೆ ಬಂದ ಯಜಮಾನರು ಸುಮ್ಮನಿರಬೇಕಲ್ಲ. ಮನೆಯ ಅತಿ ಸಣ್ಣ ಧೂಳೂ ಅಲ್ಲೇ ಕೂತಿರುತ್ತದೆ, ಭಂಡಾರ ಯಾವುದು ಧೂಳು ಯಾವುದು ಎಂದು ಫಿಲ್ಟರಿಗೆ ಗೊತ್ತಾಗುವುದಿಲ್ಲ ಎಂದು ವಿವರಿಸಿದರು.

"ಅದಕ್ಕ ಗೊತ್ತಾಗೂದು ಬ್ಯಾಡ ಬಿಡಪಾ," ಎಂದರು ಅತ್ತೆ. "ಯಲ್ಲವ್ವಗ ಗೊತ್ತಾದ್ರ ಸಾಕು."

ಬೆಳಿಗ್ಗೆ ಪೊಟ್ಟಣ ಅತ್ತೆಯ ಜೊತೆ ದೇವದುರ್ಗದ ಬಸ್ಸು ಹತ್ತಿತು. ನಾನು ಮಾತ್ರ ಎರಡು ದಿನ ಊಟ ಸೇರದೆ ಓಡಾಡಿದೆ. ರೇಣುಕಾಳಿಗೆ ಏನಾದರೂ ಆದರೆ ಆ ಹಣೆಯ ಮೇಲಿರುವುದು ನನ್ನ ಮಂಚದ ಕೆಳಗಿನ ಧೂಳಲ್ಲವೆ? ಫಿಲ್ಟರಿನಲ್ಲಿ ಇನ್ನೂ ಹಳದಿ ಉಳಿದಿತ್ತು. ನೋಡಿದಾಗಲೆಲ್ಲ ರೇಣುಕಾಳೇ ನೆನಪಾಗುತ್ತಿದ್ದಳು. ಮೂರನೆಯ ದಿನ ಎದ್ದವಳೇ ಅದನ್ನು ಬಕೆಟ್ಟಿನಲ್ಲಿ ಅದ್ದಿ, ಮಡಿಕೆಗಳನ್ನೆಲ್ಲ ಬಿಡಿಸಿ ತೊಳೆದೆ. ಯಾರೂ ತುಳಿಯಬಾರದೆಂದು ಆ ನೀರನ್ನು ತುಳಸಿಗೆ ಹಾಕಿ, ಹುಡುಗಿಯನ್ನು ಕಾಪಾಡವ್ವಾ ಎಂದು ಅಲ್ಲೇ ಅಡ್ಡಬಿದ್ದೆ.

ಮಧ್ಯಾಹ್ನ ಅತ್ತೆಯ ಫೋನು ಬಂತು. ಅಂದು ಬೆಳಿಗ್ಗೆ ಭಂಡಾರ ಹಚ್ಚಿದ ಕೂಡಲೇ ರೇಣುಕಾ ಎರಡು ಸಲ ಸೀನಿದಳಂತೆ. ಒಂದೇ ಸೀನಾದರೆ ಅಪಶಕುನ, ಎರಡಾದರೆ ಶುಭ. ಸೀನಿದ್ದೇ ನೆಪವಾಗಿ ನೋವು ಶುರುವಾಗಿ, ಆಸ್ಪತ್ರೆ ಮುಟ್ಟಿ ತಾಸೊಂದರಲ್ಲಿ ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ. ಆ ಸೀನು ಯಲ್ಲಮ್ಮನದೋ ನಮ್ಮ ಮಂಚದ ಕೆಳಗಿನದೋ ನಾನು ವಿಚಾರಿಸಲು ಹೋಗಲಿಲ್ಲ. ಕಣ್ಣೊರೆಸಿಕೊಂಡು ಗೋಡೆಗೇ ಕೈ ಮುಗಿದೆ.

ಅತ್ತೆ ಇನ್ನೂ ಫೋನ್ ಇಟ್ಟಿರಲಿಲ್ಲ. ದನಿ ತಗ್ಗಿಸಿ ಹೇಳಿದರು. "ಇಲ್ಲಿ ಬಾಜು ಮನಿ ಸೊಸಿಗೂ ದಿನ ತುಂಬ್ಯಾವ. ಆ ಮಿಷಿನ್ನಿನಾಗ ಇನ್ನಾ ಒಂದೀಟು ಉಳದದೇನು ನೋಡು."

ಬೆಳಿಗ್ಗೆಯೇ ಎಲ್ಲ ತೊಳೆದುಬಿಟ್ಟೆ ಅತ್ತಿ ಎಂದೆ. ಆ ಕಡೆಯಿಂದ, ನಿನಗ್ಯಾರು ಹೇಳಿದ್ರು ತೊಳಿ ಅಂತ, ಎಂದು ಶುರುವಾಯಿತು ನೋಡಿ. ಯಲ್ಲಮ್ಮನನ್ನೇ ಯಂತ್ರಕ್ಕೆ ಎಳೆಸಿದಾಗ ಬೀಳದ ಬೈಗುಳವೆಲ್ಲ, ಮನೆ ಸ್ವಚ್ಛ ಇಟ್ಟಿದ್ದಕ್ಕೆ ಬಿತ್ತು.