ಬಗ್ಗಣ್ಣನ ಸೀನು

ಇಷ್ಟಕ್ಕೆಲ್ಲ ಕಾರಣ ಒಂದು ಚಿಟಿಕೆ ನಸ್ಯ.

ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಪಾದದೆದುರು ಬಗ್ಗಿ ಬಗ್ಗಿ ‘ಬಗ್ಗಣ್ಣ’ ಎಂದೇ ಹೆಸರಾದವನ ಮೂಗಿನೊಳಗೆ ದುರ್ಬೀನು ತೂರಿಸಿ, ಮಿದುಳಿನ ಬುಡದಲ್ಲಿದ್ದ ಗಡ್ಡೆ ತೆಗೆದು ತೇಪೆ ಹಾಕಿದ್ದರು. “ತೇಪೆ ಕೂಡ್ಕೊಳ್ಳೋ ತನಕ ಬಗ್ಗಬೇಡಿ, ಭಾರ ಎತ್ತಬೇಡಿ, ಮೂಗು ಸೀಟಬೇಡಿ. ಸೀನು ಬಂದ್ರೆ ತಡೀದೆ ಬಾಯಿ ತೆರೆದು ಸೀನಿ. ಮೂಗಿಂದ ತಿಳಿನೀರು ತೊಟ್ಟಿಕ್ಕಿದ್ರೆ ಮಿದುಳಿನ ಸುತ್ತ ಇರೋ ನೀರಿರಬಹುದು, ತಕ್ಷಣ ಬನ್ನಿ. ಮತ್ತೆ ಆಪರೇಷನ್ ಬೇಕಾಗ್ಬಹುದು” ಎಂದು ಡಾಕ್ಟರಮ್ಮ ಮನೆಗೆ ಕಳಿಸಿದ್ದರು.

ಯಾರ ಕಾಲನ್ನೂ ನೋಡದೆ, ಎತ್ತರದ ದಿಂಬಿಗೊರಗಿ ಬಗ್ಗಣ್ಣ ಜೀವನದಲ್ಲಿ ಮೊದಲ ಬಾರಿಗೆ ಸುಖವಾಗಿದ್ದ. ಆ ಸುಖಕ್ಕೆ ಯಾರ ಕಣ್ಣು ಬಿತ್ತೋ, ಒಂದು ದಿನ ಬೆಳಿಗ್ಗೆಯೇ ಅಂಗಡಿ ಯಜಮಾನರು ಬಂದರು.

“ಮನೇಲಿ ಕೂರೋದನ್ನ ಅಂಗಡೀಲಿ ಕೂತ್ಕೊಳಯ್ಯ. ಸ್ವಲ್ಪ ಸ್ವಲ್ಪ ಬಗ್ಗಿದ್ರಾಯ್ತು.”

“ಸ್ವಲ್ಪ ಬಗ್ಗಿದ್ರೂ ತಲೆ ಸೋರತ್ತಂತೆ ಸಾರ್.”

“ಸೋರೋಕೆ ಒಳಗೇನಾದ್ರೂ ಇರಬೇಕಲ್ಲ.”

ನ್ಯಾಯ ಹೇಳಲು ಬಂದ ಪಕ್ಕದ ಮನೆಯ ಹೆಡ್‌ಮಾಸ್ತರು ಮಾತಿಗೆ ಮುಂಚೆ ನಸ್ಯದ ಡಬ್ಬಿ ತೆರೆದರು. ಮೇಲೆ ಫ್ಯಾನು ತಿರುಗುತ್ತಿತ್ತು.

ಗಿರಾಕಿಗಳೆದುರು ಮೂಗು ಹಿಡಿದು ಸೀನು ನುಂಗುವುದು ಬಗ್ಗಣ್ಣನ ಹಳೆಯ ಅಭ್ಯಾಸ. ಕೈ ಮೂಗಿಗೆ ಹೋಯಿತು. “ರೀ, ಬಾಯಿ ತೆಗೀರಿ” ಎಂದಳು ಹೆಂಡತಿ. ತೆಗೆದ. ಸೀನು ಸೀದಾ ಯಜಮಾನರ ಮುಖ ತಲುಪಿತು. ಅದರ ಹಿಂದೆಯೇ ಅವನ ಮೂಗಿನಿಂದ ಒಂದು ತೊಟ್ಟು ತಿಳಿನೀರು ಇಳಿಯಿತು.

ಬಗ್ಗಣ್ಣನ ಜೀವ ಬಾಯಿಗೆ ಬಂತು. ಮತ್ತೆ ಆ ಟೇಬಲ್ಲು, ಮತ್ತೆ ಆ ದುರ್ಬೀನು.

“ಮಿದುಳಿನ ನೀರೇ, ಅನುಮಾನ ಬೇಡ. ನಡೆಸಬಾರದು, ಎತ್ತಿ” ಎಂದರು ಹೆಡ್‌ಮಾಸ್ತರು. ಮಹಡಿ ಮನೆ, ಲಿಫ್ಟಿರಲಿಲ್ಲ. ಅವರು ಸೂಚನೆ ಕೊಡುತ್ತಾ ಮುಂದೆ ನಡೆದದ್ದರಿಂದ, ಬಗ್ಗಣ್ಣ ಕೂತ ಕುರ್ಚಿಯನ್ನು ಹೆಂಡತಿಯೂ ಯಜಮಾನರೂ ಹೊತ್ತು ಮಹಡಿ ಇಳಿದರು. ಕೊನೆಯ ಮೆಟ್ಟಿಲಲ್ಲಿ ಯಜಮಾನರ ಸೊಂಟ ಕಟಕ್ಕೆಂದಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂಗಿನೊಳಗೆ ಇಣುಕಿದರು, ತಾವೇ ಅವನ ತಲೆ ಬಗ್ಗಿಸಿ ಕಾದರು. ಏನೂ ತೊಟ್ಟಿಕ್ಕಲಿಲ್ಲ.

“ನಾನೇ ಬರ್ಕೊಟ್ಟಿದ್ದೆನಲ್ಲ, ಬೆಳಿಗ್ಗೆ ಮೂಗಿಗೆ ಬಿಟ್ಕೊಂಡ ಉಪ್ಪುನೀರು ಅದು. ತೇಪೆ ಗಟ್ಟಿಯಾಗಿದೆ. ಆದ್ರೂ ಇನ್ನೊಂದು ತಿಂಗಳು ಮನೇಲೇ ಇರಿ. ಅಂಗಡಿ ಕಡೆ ತಲೆ ಹಾಕ್ಬೇಡಿ.”

ಬಗ್ಗಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಮೂಳೆ ಡಾಕ್ಟರ ಕೋಣೆಯಿಂದ ಹೆಂಡತಿ ಬಂದಳು. “ಯಜಮಾನ್ರೂ ಒಂದು ತಿಂಗಳು ಬಗ್ಗಬಾರ್ದಂತೆ, ಭಾರ ಎತ್ತಬಾರ್ದಂತೆ. ಪಾಪ, ಒಂಟಿ ಜೀವ, ಅದೂ ನಿಮ್ಮನ್ನ ಹೊತ್ತು ಆಗಿದ್ದು. ಇಬ್ಬರ ಪಥ್ಯಾನೂ ಒಂದೇ ಅಲ್ವಾ? ನಮ್ಮನೇಲೇ ಇರಿ ಅಂದೆ. ನಿಮ್ಮ ಮಂಚದ ಪಕ್ಕಾನೇ ಇನ್ನೊಂದು ಹಾಕಿಸ್ತೀನಿ.”

ಹಿಂದೆಯೇ ಗಾಲಿಕುರ್ಚಿಯಲ್ಲಿ ಯಜಮಾನರು ಉರುಳಿ ಬಂದರು. ಮುಖ ಗೆಲುವಾಗಿತ್ತು.

“ಯೋಚ್ನೆ ಮಾಡಬೇಡ ಕಣಯ್ಯ, ನೀನು ಅಂಗಡಿಗೆ ಬರೋದೇ ಬೇಡ. ಗಿರಾಕಿಗಳನ್ನೆಲ್ಲ ನಿನ್ನ ರೂಮಿಗೇ ಕಳಿಸಿ ಅಂತ ಅಂಗಡಿಗೆ ಫೋನ್ ಮಾಡಿ ಹೇಳಿದೀನಿ. ಕಾಲನ್ನ ಅವರೇ ಮಂಚದ ಮೇಲಿಡ್ತಾರೆ.”