ಅಂತ ಇಟ್ಟುಕೊಳ್ಳೋಣ

ಹರಿಶ್ಚಂದ್ರನ ಆ ದಿನದ ಪಾಡಿಗೆಲ್ಲ ಕಾರಣ ಆರನೆಯ ಸಾಲು. ಅವನು ಅದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಸರಿಯಾಗಿ ಮುಂಬಯಿ ಹೊರವಲಯದ ಠಾಕುರ್ಲಿಯ ಆ ಚಾಳಿನ ನಲ್ಲಿಯಲ್ಲಿ ನೀರು ಬಂತು. ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದ ನೆರೆಮನೆಯ ಮಾನಮ್ಮ ಕೊಡ ಎತ್ತಿಕೊಂಡು ಓಡಿದಳು. ಮೊದಲ ಐದು ಸಾಲುಗಳು ಅವಳ ಜೊತೆಗೇ ಓಡಿದವು.

ಕುಂದಾಪುರ ಕಡೆಯ ಹರಿಶ್ಚಂದ್ರ ಹದಿನೆಂಟು ವರ್ಷದಿಂದ ಡೊಂಬಿವಲಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅಕ್ಕಿಮೂಟೆ, ಎಣ್ಣೆಡಬ್ಬಗಳ ಮೇಲೆ ಅವನ ಅಧಿಕಾರವನ್ನು ಇಲಿಗಳ ಹೊರತು ಬೇರೆ ಯಾರೂ ಪ್ರಶ್ನಿಸಿರಲಿಲ್ಲ. ಈಗ ಅಲ್ಲಿ ಸೂಪರ್‌ವೈಸರನ ಕುರ್ಚಿ ಖಾಲಿಯಾಗಿತ್ತು. ಆದರೆ ಅದರಲ್ಲಿ ಕೂರುವವನು ಹನ್ನೆರಡನೆಯ ತರಗತಿ ಪಾಸಾಗಿರಬೇಕೆಂದು ಕಂಪೆನಿ ಹೊಸ ನಿಯಮ ಮಾಡಿತ್ತು. ಸಾಂಬಾರಿಗೆ ಉಪ್ಪು ಸಾಲದು ಎಂದು ಕಂಡುಹಿಡಿಯಲು ಅಷ್ಟು ಓದು ಬೇಕೆಂದು ಯಾರೋ ಮೇಧಾವಿಗಳು ತೀರ್ಮಾನಿಸಿದ್ದರು. ಹರಿಶ್ಚಂದ್ರ ನಲವತ್ತೇಳನೆಯ ವಯಸ್ಸಿನಲ್ಲಿ ಫಾರ್ಮ್ ತುಂಬಿ ಖಾಸಗಿ ವಿದ್ಯಾರ್ಥಿಯಾದ. ಉಳಿದ ವಿಷಯಗಳು ಹೋದ ವರ್ಷವೇ ಹೇಗೋ ಪಾಸಾದವು, ತರ್ಕಶಾಸ್ತ್ರವೊಂದು ಕೈಕೊಟ್ಟಿತು. ಲೆಕ್ಕವೂ ಇಲ್ಲ, ಬಾಯಿಪಾಠವೂ ಇಲ್ಲ, ಬರೀ ಕಾಮನ್ ಸೆನ್ಸ್ ಎಂದು ಯಾರೋ ಹೇಳಿದ್ದರಿಂದ ಅವನು ಅದನ್ನು ಆರಿಸಿಕೊಂಡಿದ್ದ. ಹೇಳಿದವನು ಮಾತ್ರ ಆ ವಿಷಯ ತೆಗೆದುಕೊಂಡಿರಲಿಲ್ಲ.

ಆ ವಿಷಯದ ಪುಸ್ತಕದಲ್ಲಿ ಸಹಜ ನಿಗಮನ, ಅಂದರೆ ಒಂದು ಮಾತಿನಿಂದ ಇನ್ನೊಂದನ್ನು ಸಾಧಿಸುವುದು, ಎಂಬ ಅಧ್ಯಾಯವಿದೆ. ಮನುಷ್ಯರು ಸಹಜವಾಗಿ ಯೋಚಿಸುವುದು ಹೀಗೆಯೇ ಎಂದು ಅದರ ಮೊದಲ ಪುಟ ಹೇಳುತ್ತದೆ. ಮುಂದಿನ ಪುಟಗಳನ್ನು ನೋಡಿದರೆ, ಬರೆದವರಿಗೆ ಮನುಷ್ಯರ ಸಹವಾಸ ಕಡಿಮೆಯೆಂದು ಗೊತ್ತಾಗುತ್ತದೆ. ಹರಿಶ್ಚಂದ್ರನಿಗೆ ಅದನ್ನು ಕಲಿಸುವ ಹೊಣೆ ಮಗಳು ನಿಶ್ಮಿತಾಳದು. ಅವಳು ವಾಶಿಯ ಕಾಲೇಜಿಗೆ ಹೋಗುವವಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು, ಎರಡೂ ಕಡೆ ಅರ್ಧರ್ಧ ಅರ್ಥವಾಗಿ ಪಾಠ ಸಾಗುತ್ತಿತ್ತು.

ಅವಳು ಕಲಿಸಿದ್ದು ಇಷ್ಟು. ಗೊತ್ತಿಲ್ಲದ ಒಂದು ಮಾತನ್ನು ಸದ್ಯಕ್ಕೆ ನಿಜ ಅಂತ ಇಟ್ಟುಕೊಳ್ಳಬೇಕು. ಅದರ ಪಕ್ಕ ಒಂದು ಗೆರೆ ಎಳೆಯಬೇಕು. ಗೆರೆಯೊಳಗೆ ಏನು ಬೇಕಾದರೂ ಸಾಧಿಸಬಹುದು. ಕೆಲಸ ಮುಗಿದ ಮೇಲೆ ಗೆರೆಯನ್ನು ಮಡಚಿ ಮುಚ್ಚಿ, 'ಹೀಗಿದ್ದರೆ ಹೀಗೆ' ಎಂದು ಒಂದೇ ಮಾತು ಹೊರಗೆ ತರಬೇಕು. ಒಳಗಿನ ಬೇರೆ ಯಾವ ಮಾತೂ ಹೊರಗೆ ಬರಕೂಡದು. ಈ ನಿಯಮ ಮಾಡಿದ ಪಂಡಿತರು ಚಾಳಿನಲ್ಲಿ ಒಂದು ವಾರವೂ ಬಾಳಿದವರಲ್ಲ.

ಪಿ, ಕ್ಯೂ ಎಂಬ ಅಕ್ಷರಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಸ್ವಂತ ಮಾತುಗಳನ್ನೇ ಹಾಕಿಕೊಂಡು ಅಭ್ಯಾಸ ಮಾಡಲು ಮಗಳು ಹೇಳಿದ್ದಳು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದಂತೆ ಮೂರು ಗಂಟೆಗೆ ಕಲ್ಯಾಣದಲ್ಲಿ ಪರೀಕ್ಷೆ. ಆ ದಿನ ಬೆಳಿಗ್ಗೆ ಮಗಳು ಆರರ ಲೋಕಲ್ ಹಿಡಿದು ಹೋದ ಮೇಲೆ ಅವನು ಗ್ಯಾಲರಿಯಲ್ಲಿ ನಿಂತು, ಶಾಲೆಯ ಹುಡುಗರಂತೆ ಗಟ್ಟಿಯಾಗಿ ಸಾಲು ಹೇಳತೊಡಗಿದ. ಒಂದು, ಕೆಲಸ ಬಿಟ್ಟರೆ ಊರಿಗೆ ಹೋಗುತ್ತೇನೆ. ಎರಡು, ಊರಿಗೆ ಹೋದರೆ ಈ ಬಾಡಿಗೆ ಖೋಲಿ ಖಾಲಿ ಮಾಡುತ್ತೇನೆ. ಮೂರು, ಕೆಲಸ ಬಿಟ್ಟೆ ಅಂತ ಇಟ್ಟುಕೊಳ್ಳೋಣ. ನಾಲ್ಕು, ಆದ್ದರಿಂದ ಊರಿಗೆ ಹೋಗುತ್ತೇನೆ. ಐದು, ಆದ್ದರಿಂದ ಖೋಲಿ ಖಾಲಿ ಮಾಡುತ್ತೇನೆ. ಆರನೆಯದರಲ್ಲಿ ಅವನು ಗೆರೆ ಮುಚ್ಚಿ, ಕೆಲಸ ಬಿಟ್ಟರೆ ಖೋಲಿ ಖಾಲಿ ಎಂದಷ್ಟೇ ಸಾಧಿಸಿ ಬೀಗಿದ. ಆದರೆ ಅಷ್ಟರಲ್ಲಿ ನೀರು ಬಂದಾಗಿತ್ತು.

ಮಾನಮ್ಮ ರಾಯಚೂರಿನವಳು. ಅವರ ಕಡೆ ಊಹಿಸಿ ಹೇಳುವುದಕ್ಕೆ 'ಅಂತ ಹಿಡಿ' ಎನ್ನುತ್ತಾರೆ. ಇಟ್ಟುಕೊಳ್ಳುವುದು ಎಂದರೆ ಅವಳ ಪಾಲಿಗೆ ಗುಟ್ಟಾಗಿ ಇಟ್ಟುಕೊಳ್ಳುವುದು. ಕೆಲಸ ಬಿಟ್ಟದ್ದನ್ನು ನಮ್ಮೊಳಗೇ ಇಟ್ಟುಕೊಳ್ಳೋಣ ಎಂದು ಹರಿಶ್ಚಂದ್ರ ಹೆಂಡತಿಗೆ ಹೇಳುತ್ತಿದ್ದಾನೆಂದು ಅವಳಿಗೆ ಖಾತ್ರಿಯಾಯಿತು. ಗುಟ್ಟಿನ ಮಾತಾದ್ದರಿಂದ ನಲ್ಲಿಯ ಬಳಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಕಿವಿಯಲ್ಲೇ ಹೇಳಿದಳು. ಯಾರೋ ನಂಬದೆ ಮುಖ ನೋಡಿದ್ದಕ್ಕೆ, "ಹೆಸ್ರು ನೋಡವಾ, ಹರಿಶ್ಚಂದ್ರ ಅದ. ಆ ಮನಿಷಾ ಸುಳ್ಳು ಹೇಳ್ತಾನೇನು?" ಎಂದಳು. ಹೆಸರಿನ ಆಧಾರ ಎಲ್ಲರಿಗೂ ಸಾಕಾಯಿತು.

ಸುದ್ದಿ ಮೊದಲು ಮುಟ್ಟಿದ್ದು ಹಾಲು ತರಲು ಹೋಗಿದ್ದ ಬಾಗಿಗೆ, ಅಂದರೆ ಹರಿಶ್ಚಂದ್ರನ ಹೆಂಡತಿಗೇ. ಅವಳು ಮನೆಗೆ ಬಂದು ಹಾಲಿನ ಚೀಲ ಕುಕ್ಕಿದಳು. ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಲಿಲ್ಲ. ತನಗಿಂತ ಮೊದಲು ಮಾನಮ್ಮನಿಗೆ ಹೇಳಿದ್ದು ಯಾಕೆ ಎಂದಷ್ಟೇ ಕೇಳಿದಳು. ಅವನು ಗೆರೆ, ಊಹೆ ಎಂದು ವಿವರಿಸತೊಡಗಿದ. ಇಪ್ಪತ್ತೆರಡು ವರ್ಷದಲ್ಲಿ ಗಂಡ ಹೇಳಿದ ಬೇರೆ ಬೇರೆ ಸಬೂಬುಗಳ ಸಾಲಿಗೆ ಅವಳು ಇದನ್ನೂ ಸೇರಿಸಿಕೊಂಡು ಒಳಗೆ ಹೋದಳು.

ಅವನು ಸ್ನಾನ ಮುಗಿಸಿ ಬಂದರೆ ಕೋಣೆಯಲ್ಲಿ ದಿಲೀಪ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ದಿಲೀಪ ವಿಜಯಪುರದವನು, ಕಟ್ಟಡದ ಕೆಲಸಗಳಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ, ಮಹಡಿಯ ಮೇಲಿನ ಬಾಡಿಗೆದಾರ. ಹೊಸದಾಗಿ ಮದುವೆಯಾದ ಅವನ ಮೈದುನನಿಗೆ ಖೋಲಿ ಬೇಕಾಗಿತ್ತು. ಮಂಚ ಕಿಟಕಿ ಕಡೆ ಹಿಡಿಸುತ್ತದೆಯೋ, ಬಾಗಿಲ ಕಡೆಯೋ ಎಂಬುದು ಅವನ ಸದ್ಯದ ಚಿಂತೆ. ತಾನು ಎಲ್ಲಿಗೂ ಹೋಗುವುದಿಲ್ಲವೆಂದು ಹರಿಶ್ಚಂದ್ರ ಹೇಳಿದಾಗ ದಿಲೀಪ ಬಹಳ ಮರ್ಯಾದೆಯಿಂದ ತಲೆಯಾಡಿಸಿದ.

"ಇರ್ಲಿ ಬಿಡ್ರೀ ಅಣ್ಣಾರ, ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ," ಎಂದ. "ಹಂಗ ಹೋಗೂಮುಂದ ಫ್ಯಾನ್ ಬಿಚ್ಚಬ್ಯಾಡ್ರಿ, ಇರ್ಲಿ."

ಹರಿಶ್ಚಂದ್ರನಿಗೆ ಸಿಟ್ಟು ನೆತ್ತಿಗೇರಿತು. ಈ ಜನಕ್ಕೆ ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲ, ಗೆರೆಯೊಳಗಿನದನ್ನು ಹೊರಗೆ ಎಳೆಯುತ್ತಾರೆ, ಇವರಿಗೆಲ್ಲ ಕಡ್ಡಾಯವಾಗಿ ತರ್ಕಶಾಸ್ತ್ರ ಓದಿಸಬೇಕು ಎಂದು ಅವನು ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಾ ಯೋಚಿಸಿದ. ಒಮ್ಮೆ ಫೇಲಾದ ವಿಷಯದ ಬಗ್ಗೆ ಇಷ್ಟು ಹೆಮ್ಮೆ ಅವನಿಗೆ ಹಿಂದೆ ಎಂದೂ ಬಂದಿರಲಿಲ್ಲ.

ಕ್ಯಾಂಟೀನಿಗೆ ಸುದ್ದಿ ಅವನಿಗಿಂತ ಮೊದಲೇ ಹೋಗಿತ್ತು. ಅದನ್ನು ಹೊತ್ತೊಯ್ದವನು ಮಾನಮ್ಮನ ಗಂಡ ಅಂಬಾರಾಯ. ಕ್ಯಾಂಟೀನಿನ ಅಕ್ಕಿಮೂಟೆಗಳನ್ನೂ ಅವನೇ ಹೊರುತ್ತಿದ್ದ. ಹರಿಶ್ಚಂದ್ರ ಒಳಗೆ ಕಾಲಿಡುತ್ತಲೇ ಕಂಡದ್ದು ತನ್ನ ಸ್ಟೂಲಿನ ಮೇಲೆ, ತನ್ನ ಬೀಗದ ಕೈ ಗೊಂಚಲು ಹಿಡಿದು ಕುಳಿತ ಯತಿನ್‌ನನ್ನು. ಯತಿನ್ ಕೌಂಟರಿನಲ್ಲಿ ಟೋಕನ್ ಹರಿಯುವ ತರುಣ, ಹನ್ನೆರಡನೆಯದು ಎಂದೋ ಪಾಸಾದವನು. ಅವನು ಎದ್ದು ನಿಂತು ಕಾಲಿಗೆ ನಮಸ್ಕಾರ ಮಾಡಿದ. ಎದ್ದ ಮೇಲೂ ಬೀಗದ ಕೈ ಮಾತ್ರ ಕೊಡಲಿಲ್ಲ.

ಹತ್ತಕ್ಕೆ ಕ್ಯಾಂಟೀನಿನ ಗುತ್ತಿಗೆದಾರ ಜಯೇಶ ಬಂದ. ಅವನು ಮನೆಯಲ್ಲಿ ತುಳು, ಕಾರ್ಖಾನೆಯಲ್ಲಿ ಮರಾಠಿ, ಹರಿಶ್ಚಂದ್ರನ ಬಳಿ ಕರಾವಳಿಯ ಕನ್ನಡ ಆಡುವವನು. ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ಹಣ್ಣಿನ ಬುಟ್ಟಿ. ಹರಿಶ್ಚಂದ್ರ ಬಾಯಿ ತೆರೆಯುವ ಮೊದಲೇ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರು. ಹದಿನೆಂಟು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆಡದವರೆಲ್ಲ ಎದ್ದು ನಿಂತು ಅವನ ಪ್ರಾಮಾಣಿಕತೆಯನ್ನು ಹೊಗಳಿದರು. ಅವನಿಲ್ಲದೆ ಕ್ಯಾಂಟೀನು ಅನಾಥ ಎಂದು ಮುಖ್ಯ ಅಡಿಗೆಯವನು ಕಣ್ಣೊರೆಸಿಕೊಂಡ, ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಇತ್ತು. ಕೇಳಲು ಹಿತವಾಗಿತ್ತೆಂದು ಹರಿಶ್ಚಂದ್ರನೂ ಐದನೆಯ ಭಾಷಣದವರೆಗೆ ಅಡ್ಡಿಮಾಡಲಿಲ್ಲ. ಆಮೇಲೆ ಎದ್ದು, ತಾನು ಕೆಲಸ ಬಿಟ್ಟಿಲ್ಲ ಎಂದ.

ಅಳುತ್ತಿದ್ದವರ ಮುಖದಲ್ಲಿ ನಿಜವಾದ ದುಃಖ ಆಗ ಕಾಣಿಸಿತು.

"ಹರಿಶ್ಚಂದ್ರಣ್ಣ, ನೀವು ಬಿಟ್ಟೆ ಅಂತ ಹೇಳಿದ್ದು ಹೌದಾ ಅಲ್ವಾ?" ಎಂದು ಜಯೇಶ ಕೇಳಿದ.

"ಹೇಳಿದ್ದು ಹೌದು ಮಾರಾಯ್ರೆ. ಆದ್ರೆ ಗೆರೆಯ ಒಳಗೆ ಹೇಳಿದ್ದು."

"ಎಂತ ಗೆರೆ?"

ಬಾಯಿಮಾತಿನಲ್ಲಿ ಇದು ಬಗೆಹರಿಯುವುದಿಲ್ಲವೆಂದು ಹರಿಶ್ಚಂದ್ರ ದಿನದ ಊಟದ ಪಟ್ಟಿ ಬರೆಯುವ ಕರಿಹಲಗೆಯ ಬಳಿಗೆ ಹೋಗಿ, ಬಟಾಟೆ ಭಾಜಿಯನ್ನೂ ವರಣವನ್ನೂ ಒರೆಸಿ ಹಾಕಿದ. ಬೇಡವಾದದ್ದನ್ನೇ ನಿಜ ಅಂತ ಇಟ್ಟುಕೊಂಡು, ಅದರಿಂದ ವಿರೋಧ ಹುಟ್ಟಿಸಿ, ಕೊನೆಗೆ ಅದನ್ನೇ ಹೊರಗೆ ಅಟ್ಟುವ ಒಂದು ವಿಧಾನ ಪುಸ್ತಕದಲ್ಲಿತ್ತು. ಅವನು ಬರೆದ: ಕೆಲಸ ಬಿಟ್ಟಿದ್ದೇನೆ ಅಂತ ಇಟ್ಟುಕೊಳ್ಳೋಣ. ಬಿಟ್ಟವನು ಮಾರನೆಯ ದಿನ ಕ್ಯಾಂಟೀನಿಗೆ ಬರುವುದಿಲ್ಲ. ಆದ್ದರಿಂದ ನಾನು ಬಂದಿಲ್ಲ. ಆದರೆ ನಾನು ಬಂದಿದ್ದೇನೆ. ವಿರೋಧ. ಆದ್ದರಿಂದ ನಾನು ಬಿಟ್ಟಿಲ್ಲ.

ಜಯೇಶ ಗಲ್ಲ ತುರಿಸಿಕೊಂಡು, ಬಿಟ್ಟವನು ಸನ್ಮಾನಕ್ಕೆ ಬರುತ್ತಾನಲ್ಲ ಎಂದ. ಆಕ್ಷೇಪ ಗಟ್ಟಿಯಾಗಿತ್ತು. ಹರಿಶ್ಚಂದ್ರ ಎಲ್ಲವನ್ನೂ ಒರೆಸಿ ಮತ್ತೆ ಶುರು ಮಾಡಿದ. ಬಿಟ್ಟಿದ್ದರೆ ರಾಜೀನಾಮೆ ಪತ್ರ ಇರಬೇಕು, ಪತ್ರ ಇಲ್ಲ, ವಿರೋಧ, ಆದ್ದರಿಂದ ಬಿಟ್ಟಿಲ್ಲ. ಪತ್ರ ಇಲ್ಲವೆಂದು ಯಾರು ಹೇಳಿದರು ಎಂದು ಯತಿನ್ ಮೆಲ್ಲಗೆ ಕೇಳಿದ. ಅದು ಸರಿಯಾದ ಪ್ರಶ್ನೆಯೆಂದು ಜಯೇಶ ಮೇಜಿನ ಎಲ್ಲ ಡ್ರಾಯರುಗಳನ್ನೂ ಸುರಿದು ಹುಡುಕಿಸಿದ. ಎರಡು ವರ್ಷ ಹಿಂದೆ ಕಳೆದುಹೋಗಿದ್ದ ಕನ್ನಡಕ ಸಿಕ್ಕಿತು, ಪತ್ರ ಸಿಗಲಿಲ್ಲ. ಅಷ್ಟರಲ್ಲಿ ಮೊದಲ ಪಾಳಿಯ ಕೆಲಸಗಾರರು ಊಟಕ್ಕೆ ಬಂದರು. ಹಲಗೆ ನೋಡಿದ ಒಬ್ಬ ಎರಡು ಪ್ಲೇಟು ವಿರೋಧ ಕೊಡಲು ಹೇಳಿದ.

ಹನ್ನೆರಡೂವರೆಗೆ ಜಯೇಶ ಸೋತ. ಶಾಲನ್ನು ಮಡಿಸಿ ಕಪಾಟಿನಲ್ಲಿಟ್ಟ. ಹಣ್ಣಿನ ಬುಟ್ಟಿಯನ್ನು ಮಧ್ಯಾಹ್ನದ ಸಲಾಡಿಗೆ ಕಳಿಸಿದ. ಬೀಗದ ಕೈ ಗೊಂಚಲು ಯತಿನ್‌ನ ಬೆರಳುಗಳಿಂದ ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತು.

"ಆಯ್ತಣ್ಣ, ನೀವು ಬಿಟ್ಟಿಲ್ಲ, ನಾನು ಒಪ್ಪಿದೆ," ಎಂದ ಜಯೇಶ. "ಕಂಪೆನಿಯವ್ರು ಸೂಪರ್‌ವೈಸರನ ಹೆಸರು ಕೊಡಿ ಅಂತ ತಲೆ ತಿಂತಾ ಇದ್ದಾರೆ. ನಿಮ್ಮ ಇವತ್ತಿನ ಪರೀಕ್ಷೆ ಅಂತಲೇ ತಡೆದದ್ದು. ಪಾಸಾದ್ರೆ ಕುರ್ಚಿ ನಿಮ್ಗೆ. ಇಲ್ದಿದ್ರೆ ಯತಿನ್‌ಗೆ. ಮತ್ತೆ ಬೇಜಾರು ಮಾಡ್ಬೇಡಿ."

ಹರಿಶ್ಚಂದ್ರನಿಗೆ ಬೇಜಾರು ಮಾಡಲು ಪುರುಸೊತ್ತೆಲ್ಲಿತ್ತು? ಪುಸ್ತಕ ತೆರೆದರೆ ಬೆವರುತ್ತಿದ್ದವನು ಹಲಗೆಯ ಮೇಲೆ, ಹತ್ತಾರು ಜನರ ಎದುರು, ಎರಡೆರಡು ಸಾಧನೆ ಮಾಡಿ ಗುತ್ತಿಗೆದಾರನನ್ನೇ ಗೆದ್ದಿದ್ದ. ಇನ್ನು ಪ್ರಶ್ನೆಪತ್ರಿಕೆ ಯಾವ ಲೆಕ್ಕ? ಅವನಿಗೆ ನಿಜಕ್ಕೂ ಸಂತೋಷವಾಗಿತ್ತು. ಸರಿಯಾಗಿ ಒಂದಕ್ಕೆ ಹೊರಟು, ಷೇರ್ ರಿಕ್ಷಾ, ಲೋಕಲ್, ಮತ್ತೊಂದು ರಿಕ್ಷಾ ಬದಲಿಸಿ, ಕಲ್ಯಾಣದ ಕಾಲೇಜಿನ ಗೇಟು ಮುಟ್ಟಿದಾಗ ಎರಡೂ ಕಾಲು. ಮುಕ್ಕಾಲು ಗಂಟೆ ಮೊದಲೇ ಬಂದ ಶಿಸ್ತಿಗೆ ತನ್ನನ್ನು ತಾನೇ ಮೆಚ್ಚಿಕೊಂಡ.

ಗೇಟಿನಿಂದ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಹೊರಗೆ ಬರುತ್ತಿದ್ದರು. ಬೆಳಗಿನ ಪಾಳಿಯ ಬೇರೆ ಯಾವುದೋ ಪರೀಕ್ಷೆ ಇರಬೇಕೆಂದುಕೊಂಡ. ಅವರಲ್ಲೊಬ್ಬಳು, ಗೆರೆ ಮುಚ್ಚುವುದನ್ನು ಮರೆತೆನೆಂದು ಗೆಳತಿಯ ಬಳಿ ಗೋಳಾಡುತ್ತಿದ್ದಳು. ಹರಿಶ್ಚಂದ್ರನ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ಮಗಳ ಫೋನು ಬಂತು.

"ಪಪ್ಪಾ, ಪೇಪರ್ ಕೈಸಾ ಗಯಾ?"

"ಇನ್ನೂ ಶುರುವೇ ಆಗ್ಲಿಲ್ಲಲ್ಲ ಮಗಾ. ಮೂರಕ್ಕಲ್ವಾ?"

ಆಚೆ ಕಡೆ ವಾಶಿಯ ಬಸ್ಸುಗಳ ಸದ್ದನ್ನೂ ಮೀರಿ ಅವಳ ದನಿ ಏರಿತು.

"ತೀನ್ ಬಜೇ ಕಿಸ್ನೆ ಬೋಲಾ?"

ಮೂರು ಗಂಟೆ ಅಂತ ನೀನೇ ಬರೆದುಕೊಟ್ಟದ್ದು ಎಂದು ಹರಿಶ್ಚಂದ್ರ ಚೀಲದಿಂದ ಪಾಠದ ನೋಟ್‌ಬುಕ್ ತೆಗೆದು ಸಾಕ್ಷಿ ಸಮೇತ ಓದಿದ. ಪೇಪರ್ ಮೂರಕ್ಕೆ. ಮೂರಕ್ಕಿದ್ದರೆ ಒಂದಕ್ಕೆ ಹೊರಡಬೇಕು. ಆದ್ದರಿಂದ ಒಂದಕ್ಕೆ ಹೊರಡಬೇಕು. ಮಗಳ ಕೈಬರಹವೇ, ದುಂಡಗೆ ಇತ್ತು.

"ಪಪ್ಪಾ, ವೋ ತೋ ಎಕ್ಸಾಂಪಲ್ ಥಾ," ಎಂದು ಅವಳು ಅಳುವ ದನಿಯಲ್ಲಿ ಹೇಳಿದಳು. "ಮಾನ್ ಲೋ, ಬೋಲಾ ಥಾ ಮೈನೇ. ಬಾಜೂ ಮೇ ಲೈನ್ ನಹೀ ದಿಖಾ?"

ಮಾನ್ ಲೋ ಎಂದರೆ ಅವಳ ಹಿಂದಿಯಲ್ಲಿ 'ಅಂತ ಇಟ್ಟುಕೊಳ್ಳೋಣ'. ಅವನು ನೋಡಿದ. ಗೆರೆ ಇತ್ತು. ಸ್ಕೇಲು ಹಿಡಿದು, ಕೆಂಪು ಪೆನ್ನಿನಲ್ಲಿ, ಸಾಲುಗಳ ಪಕ್ಕ ನೇರವಾಗಿ ಇಳಿದು ಕೆಳಗೆ ಮಡಚಿ ಮುಚ್ಚಿತ್ತು. ಹಾಲ್ ಟಿಕೆಟ್ಟನ್ನೂ ತೆಗೆದ. ಹಾಳಾಗಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ತಂದಿದ್ದನೇ ಹೊರತು ಸೀಟ್ ನಂಬರಿನ ಆಚೆಗೆ ಓದಿರಲಿಲ್ಲ. ಬೆಳಿಗ್ಗೆ ಹನ್ನೊಂದು ಎಂದು ಅಚ್ಚಾಗಿತ್ತು. ಹನ್ನೊಂದಕ್ಕೆ ಅವನು ಹಾರ ಹಾಕಿಕೊಂಡು ಮೂರನೆಯ ಭಾಷಣ ಕೇಳುತ್ತಿದ್ದ.

ಕಾವಲುಗಾರ ಗೇಟು ಎಳೆಯುತ್ತಾ, ಮಗಳನ್ನು ಕರೆದೊಯ್ಯಲು ಬಂದಿರಾ ಎಂದು ಮರಾಠಿಯಲ್ಲಿ ಕೇಳಿದ. ಹರಿಶ್ಚಂದ್ರ ಹಾಲ್ ಟಿಕೆಟ್ಟನ್ನು ನೋಟ್‌ಬುಕ್ಕಿನೊಳಗೆ ಇಟ್ಟು ಮುಚ್ಚಿದ. ಅವನ ತಲೆಯೊಳಗೆ ಆಗಲೇ ಸಾಲುಗಳು ಒಂದರ ಕೆಳಗೊಂದು ಬಂದು ನಿಲ್ಲತೊಡಗಿದ್ದವು. ಪರೀಕ್ಷೆ ಬರೆಯದವನು ಪಾಸಾಗುವುದಿಲ್ಲ. ಪಾಸಾಗದಿದ್ದರೆ ಕುರ್ಚಿ ಯತಿನ್‌ಗೆ. ಹರಿಶ್ಚಂದ್ರ ಪರೀಕ್ಷೆ ಬರೆದಿಲ್ಲ. ಆದ್ದರಿಂದ ಪಾಸಾಗುವುದಿಲ್ಲ. ಆದ್ದರಿಂದ ಕುರ್ಚಿ ಯತಿನ್‌ಗೆ.

ಪುಸ್ತಕ ನೋಡದೆ, ಮಗಳನ್ನು ಕೇಳದೆ, ಒಂದೂ ತಪ್ಪಿಲ್ಲದೆ ಅವನು ಮುಗಿಸಿದ ಮೊದಲ ನಿಗಮನ ಅದು. ಅದರಲ್ಲಿ ಯಾವುದನ್ನೂ ನಿಜ ಅಂತ ಇಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ.